ಬ್ಯಾಕ್ಟೀರಿಯಾ ಇತ್ತು, ರಕ್ಷಣೆ ಇರಲಿಲ್ಲ

ಕೀಟಗಳ ಮೈಯೊಳಗೆ ನೆಲೆಸುವ ಬ್ಯಾಕ್ಟೀರಿಯಾಗಳನ್ನು ಅಭ್ಯಾಸ ಮಾಡುವ ಒಂದು ತಂಡದ ಪ್ರಯೋಗ ಎರಡನೆಯ ವರ್ಷದಲ್ಲಿ ದಾರಿ ತಪ್ಪಿತು. ಅದು ಹೇಗಾಯಿತು, ತಂಡ ಅದನ್ನು ಹೇಗೆ ಪತ್ತೆಹಚ್ಚಿತು ಎಂಬುದು ಈ ಬರಹದ ವಿಷಯ. ಅವರ ದಾಖಲೆಗಳನ್ನು ಓದುವ, ಸದಸ್ಯರೊಡನೆ ಮಾತನಾಡುವ ಅವಕಾಶ ನನಗೆ ದೊರೆಯಿತು. ಗುರುತು ಸಿಗದಂತೆ ಸ್ಥಳ, ಸಂಸ್ಥೆ, ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳ ಸರಣಿಯನ್ನು ಮಾತ್ರ ಮುಟ್ಟಿಲ್ಲ. ಇತರರಿಗೆ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಬಟಾಣಿ ಮತ್ತು ಅದರ ಜಾತಿಯ ಗಿಡಗಳ ರಸ ಹೀರಿ ಬದುಕುವ ಸಸ್ಯಹೇನು ಸಹಜೀವನದ ಅಧ್ಯಯನಕ್ಕೆ ಹೇಳಿ ಮಾಡಿಸಿದ ಕೀಟ. ಗಿಡದ ನಾಳಗಳ ರಸದಲ್ಲಿ ಸಕ್ಕರೆ ಧಾರಾಳವಾಗಿರುತ್ತದೆ, ಅಗತ್ಯ ಅಮೈನೋ ಆಮ್ಲಗಳು ತೀರಾ ಕಡಿಮೆ. ಆ ಕೊರತೆಯನ್ನು ತುಂಬುವುದು ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಅದು ಹೇನಿನ ವಿಶೇಷ ಜೀವಕೋಶಗಳೊಳಗೆ ವಾಸಿಸುತ್ತದೆ, ತಾಯಿಯಿಂದ ಮರಿಗೆ ದಾಟುತ್ತದೆ. ಕೋಟ್ಯಂತರ ವರ್ಷಗಳ ಈ ಒಳವಾಸದಲ್ಲಿ ಅದು ತನ್ನ ಜೀನುಗಳ ಬಹುಪಾಲನ್ನು ಕಳೆದುಕೊಂಡಿದೆ. 2000ದಲ್ಲಿ ಅದರ ಜೀನೋಮನ್ನು, ಎಂದರೆ ಅದರ ಇಡೀ ಡಿಎನ್‌ಎಯನ್ನು, ಪೂರ್ತಿಯಾಗಿ ಓದಿದಾಗ ಸಿಕ್ಕಿದ್ದು ಡಿಎನ್‌ಎಯ ಅಕ್ಷರಗಳಂತಿರುವ ಸುಮಾರು 6.4 ಲಕ್ಷ ಪ್ರತ್ಯಾಮ್ಲ ಜೋಡಿಗಳು. ಅದರ ದೂರದ ಬಂಧುವಾದ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅವು ಸುಮಾರು 46 ಲಕ್ಷ. ಇಂದು ಬುಕ್ನೆರಾ ಇಲ್ಲದೆ ಹೇನಿನ ಸಂತತಿ ಬೆಳೆಯದು, ಹೇನಿನ ಹೊರಗೆ ಬುಕ್ನೆರಾ ಉಳಿಯದು.

ಬುಕ್ನೆರಾ ಈ ಜಾತಿಯ ಎಲ್ಲ ಹೇನುಗಳಿಗೂ ಬೇಕೇಬೇಕು. ಅದರ ಜೊತೆಗೆ ಕೆಲವು ಹೇನುಗಳಲ್ಲಿ ಮಾತ್ರ ಕಾಣಸಿಗುವ, ಇಲ್ಲದಿದ್ದರೂ ನಡೆಯುವ ಬ್ಯಾಕ್ಟೀರಿಯಾಗಳೂ ಇವೆ. ಈ ಪ್ರಕರಣದ ಕೇಂದ್ರದಲ್ಲಿರುವುದು ಅಂಥ ಒಂದು: ಹ್ಯಾಮಿಲ್ಟನೆಲ್ಲಾ ಡಿಫೆನ್ಸಾ. ಇದರ ಮಹತ್ವ ತಿಳಿಯಲು ಅಫಿಡಿಯಸ್ ಎರ್ವಿ ಎಂಬ ಪುಟ್ಟ ಪರಾವಲಂಬಿ ಕಣಜದ ಬಗ್ಗೆ ತಿಳಿದಿರಬೇಕು. ಕಣಜ ಹೇನಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಹುಳು ಒಳಗಿನಿಂದಲೇ ಹೇನನ್ನು ತಿಂದು ಬೆಳೆಯುತ್ತದೆ. ಕೊನೆಗೆ ಹೇನು ಸತ್ತು, ಉಬ್ಬಿ, ಒಣಗಿದ ಕಂದು ಸಿಪ್ಪೆಯಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಸಂಶೋಧಕರು ಅದನ್ನು ‘ಮಮ್ಮಿ’ ಎನ್ನುತ್ತಾರೆ. ಮಮ್ಮಿಗಳನ್ನು ಎಣಿಸಿದರೆ ಕಣಜ ಎಷ್ಟು ಗೆದ್ದಿತೆಂದು ತಿಳಿಯುತ್ತದೆ. ಹ್ಯಾಮಿಲ್ಟನೆಲ್ಲಾ ಇರುವ ಹೇನಿನಲ್ಲಿ ಕಣಜದ ಮರಿ ಬೆಳೆಯುವ ಮೊದಲೇ ಸಾಯುತ್ತದೆ ಎಂದು ಕೆರ್ರಿ ಆಲಿವರ್, ನ್ಯಾನ್ಸಿ ಮೊರಾನ್, ಮಾರ್ಥಾ ಹಂಟರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ ಈ ಬ್ಯಾಕ್ಟೀರಿಯಾಕ್ಕೆ ವಿಕಾಸವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಅವರ ಸ್ಮರಣೆಯಲ್ಲಿ ಹೆಸರಿಡಲಾಯಿತು.

2009ರಲ್ಲಿ ಕಥೆಗೆ ಇನ್ನೊಂದು ಪದರ ಸೇರಿತು. ರಕ್ಷಣೆ ಕೊಡಲು ಹ್ಯಾಮಿಲ್ಟನೆಲ್ಲಾ ಒಂದೇ ಸಾಲದು. ಅದರ ವರ್ಣತಂತುವಿನೊಳಗೆ ಸೇರಿಕೊಂಡಿರುವ ಎಪಿಎಸ್‌ಇ ಎಂಬ ವೈರಸ್ ಕೂಡ ಇರಬೇಕು. ಬ್ಯಾಕ್ಟೀರಿಯಾಗಳಿಗೆ ತಗಲುವ ಇಂಥ ವೈರಸ್‌ಗಳನ್ನು ಫೇಜ್ ಎನ್ನುತ್ತಾರೆ. ಎಪಿಎಸ್‌ಇ ಫೇಜ್ ಜೀವಕೋಶಗಳನ್ನು ಕೊಲ್ಲಬಲ್ಲ ವಿಷಪ್ರೋಟೀನುಗಳ ಜೀನುಗಳನ್ನು ಹೊತ್ತಿರುತ್ತದೆ. ಫೇಜ್ ಕಳೆದುಹೋದ ಹ್ಯಾಮಿಲ್ಟನೆಲ್ಲಾ ಹೇನನ್ನು ಕಾಪಾಡಲಾರದು, ಮತ್ತು ಪ್ರಯೋಗಾಲಯದ ತಳಿಗಳಲ್ಲಿ ಫೇಜ್ ತಾನಾಗಿಯೇ ಕಳೆದುಹೋಗಬಲ್ಲದು ಎಂಬುದು ಅಂದಿನಿಂದಲೂ ಪ್ರಕಟಿತ ಜ್ಞಾನ. ಈ ತಂಡ ಕೆಲಸ ಆರಂಭಿಸಿದ್ದು ಇದೆಲ್ಲ ಪ್ರಕಟವಾಗಿ ಎಷ್ಟೋ ಕಾಲದ ಮೇಲೆ. ತಂಡದ ಎಲ್ಲರೂ ಅದನ್ನು ಓದಿದ್ದರು. ಇದನ್ನು ಮೊದಲೇ ಹೇಳುವುದು ಅಗತ್ಯ. ಇದು ಅಜ್ಞಾನದಿಂದ ಹುಟ್ಟಿದ ಸಮಸ್ಯೆಯಲ್ಲ.

ಕೇಳಹೊರಟ ಪ್ರಶ್ನೆ

ತಂಡದ ಪ್ರಶ್ನೆ ಚೆಲುವಾಗಿತ್ತು. ಹೇನಿಗೆ ಬ್ಯಾಕ್ಟೀರಿಯಾದ ರಕ್ಷಣೆ ಇದ್ದರೆ, ತಲೆಮಾರುಗಳ ಮೇಲೆ ತಲೆಮಾರು ಅದೇ ಹೇನುಗಳಲ್ಲಿ ಮೊಟ್ಟೆ ಇಡಬೇಕಾದ ಕಣಜಗಳು ಆ ರಕ್ಷಣೆಯನ್ನು ಭೇದಿಸಲು ವಿಕಾಸ ಹೊಂದುತ್ತವೆಯೇ?

ಇದಕ್ಕಾಗಿ ಒಂದೇ ತಾಯಿಯಿಂದ ಬಂದ ಎರಡು ಹೇನಿನ ಸಾಲುಗಳನ್ನು ಸಿದ್ಧಪಡಿಸಲಾಯಿತು. ಹಗಲು ದೀರ್ಘವಾಗಿರುವಂತೆ ಬೆಳಕು ಕೊಟ್ಟು, ಹಿತವಾದ ತಂಪಿನಲ್ಲಿಟ್ಟರೆ ಸಸ್ಯಹೇನುಗಳಲ್ಲಿ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಹೆಣ್ಣುಮರಿಗಳನ್ನು ಹಾಕುತ್ತಾ ಹೋಗುತ್ತವೆ. ಮರಿಗಳೆಲ್ಲ ತಾಯಿಯ ಜೀನುಗಳ ಪ್ರತಿಗಳು. ಒಂದು ಸಾಲಿನಲ್ಲಿ ಹ್ಯಾಮಿಲ್ಟನೆಲ್ಲಾ ಇತ್ತು. ಇನ್ನೊಂದು ಸಾಲಿನಿಂದ ಅದನ್ನು ಆಯ್ದ ಪ್ರತಿಜೀವಕಗಳ ಮೂಲಕ ತೆಗೆಯಲಾಗಿತ್ತು, ಬುಕ್ನೆರಾಕ್ಕೆ ಧಕ್ಕೆಯಾಗದ ಹಾಗೆ. ಹೇನಿನ ಜೀನುಗಳು ಒಂದೇ ಆಗಿದ್ದರಿಂದ ಎರಡು ಸಾಲುಗಳ ನಡುವಿನ ವ್ಯತ್ಯಾಸ ಹ್ಯಾಮಿಲ್ಟನೆಲ್ಲಾದಿಂದ ಮಾತ್ರ ಬರಬೇಕು. ಕಣಜಗಳಲ್ಲೂ ಎರಡು ಗುಂಪು. ಒಂದು ಗುಂಪು ಸದಾ ರಕ್ಷಿತ ಹೇನುಗಳ ಮೇಲೆ ಬೆಳೆಯಬೇಕು. ಮೂಲ ಗುಂಪು ರಕ್ಷಣೆಯಿಲ್ಲದ ಹೇನುಗಳ ಮೇಲೆ ಬೆಳೆಯಬೇಕು, ರಕ್ಷಿತ ಹೇನನ್ನು ಎಂದೂ ಕಾಣಬಾರದು. ಜಾಗ ಸಾಲದೆಂದು ಮೂಲ ಗುಂಪನ್ನು ಕೈಬಿಡುವ ಮಾತು ನಡುವೆ ಬಂದಿತ್ತು. ಹಿರಿಯ ಸಂಶೋಧಕಿ ಒಪ್ಪಲಿಲ್ಲ. ಆ ಹಟ ಮುಂದೆ ಇಡೀ ಕೆಲಸವನ್ನು ಉಳಿಸಿತು.

ಮೊದಲ ವರ್ಷ ಎಲ್ಲವೂ ಪುಸ್ತಕದಲ್ಲಿ ಬರೆದಂತೆ ನಡೆಯಿತು. ರಕ್ಷಣೆಯಿಲ್ಲದ ಹೇನುಗಳಲ್ಲಿ ಹೆಚ್ಚಿನವು ಮಮ್ಮಿಗಳಾದವು, ಹ್ಯಾಮಿಲ್ಟನೆಲ್ಲಾ ಇದ್ದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಎರಡನೆಯ ವರ್ಷದಲ್ಲಿ ರಕ್ಷಿತ ಸಾಲಿನಲ್ಲೂ ಮಮ್ಮಿಗಳು ಹೆಚ್ಚತೊಡಗಿದವು. ಮೊದಲು ಒಂದು ಪಂಜರದಿಂದ ತಂದ ಹೇನುಗಳಲ್ಲಿ, ಆಮೇಲೆ ಮತ್ತೆರಡರಿಂದ ತಂದವುಗಳಲ್ಲಿ. ಸಂಶೋಧನಾ ವಿದ್ಯಾರ್ಥಿ ರೇಖಾಚಿತ್ರ ಬರೆದು ನೋಡಿದಾಗ ಏರುತ್ತಿದ್ದ ಗೆರೆ ಕಂಡಿತು. ಕಣಜಗಳು ಗೆಲ್ಲಲು ಕಲಿತಿವೆ! ತಂಡ ಕಾಯುತ್ತಿದ್ದ ಫಲಿತಾಂಶ ಇದೇ ಆಗಿತ್ತು.

ಮೊದಲ ತಿರುವು

ಇಲ್ಲಿ ನಿಲ್ಲಬೇಕು, ಏಕೆಂದರೆ ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಘಳಿಗೆ ಇದು. ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿ ಬಂದಾಗ ಎಲ್ಲರೂ ಉಪಕರಣಗಳನ್ನೂ ದ್ರಾವಣಗಳನ್ನೂ ಅನುಮಾನಿಸುತ್ತಾರೆ. ನಿರೀಕ್ಷೆಯಂತೆ ಬಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ಲೇಖನದ ಕರಡು ಆರಂಭವಾಗಿತ್ತು. ಹಿರಿಯ ಸಂಶೋಧಕಿ ಒಂದು ಪರೀಕ್ಷೆಯಾಗುವವರೆಗೆ ಅದನ್ನು ತಡೆದರು: ರಕ್ಷಿತ ಹೇನನ್ನು ಎಂದೂ ಕಾಣದ ಮೂಲ ಗುಂಪಿನ ಕಣಜಗಳನ್ನು ಅದೇ ರಕ್ಷಿತ ಹೇನುಗಳ ಮೇಲೆ ಬಿಡಿ.

ತರ್ಕ ಸರಳವಾಗಿತ್ತು. ಕಣಜ ಬದಲಾಗಿದ್ದರೆ ಹೊಸ ಗುಂಪು ಗೆಲ್ಲಬೇಕು, ಮೂಲ ಗುಂಪು ಸೋಲಬೇಕು. ಆದರೆ ಮೂಲ ಗುಂಪೂ ಅಷ್ಟೇ ಸುಲಭವಾಗಿ ಗೆದ್ದಿತು. ಅಂದರೆ ಕಣಜ ಏನನ್ನೂ ಕಲಿತಿರಲಿಲ್ಲ. ಬದಲಾಗಿದ್ದುದು ಹೇನು. ವಿದ್ಯಾರ್ಥಿಗೆ ಅದೊಂದು ಕಠಿಣ ವಾರ. ಪ್ರಬಂಧದ ಮುಖ್ಯ ಅಧ್ಯಾಯ ಕುಸಿದಿತ್ತು. ಆದರೂ ಆತ ಆ ಎಣಿಕೆಯನ್ನು ತಾನೇ ಮಾಡಿ, ತಾನೇ ತಂಡದ ಮುಂದಿಟ್ಟ. ಅದನ್ನು ನಾನು ಗೌರವದಿಂದ ದಾಖಲಿಸುತ್ತೇನೆ.

ಹುಡುಕಾಟ

ಹೇನು ಬದಲಾಗಿದೆ ಎಂದಾದರೆ ಹೇಗೆ? ಸಾಧ್ಯತೆಗಳನ್ನು ಒಂದೊಂದಾಗಿ ತೆಗೆದುಕೊಂಡರು.

ಬೇರೆ ಸಾಲಿನ ಹೇನು ಪಂಜರಕ್ಕೆ ನುಸುಳಿರಬಹುದು. ಗಿಡಗಳನ್ನು ಬದಲಿಸುವಾಗ ಒಂದು ಮರಿ ತೋಳಿಗೆ ಅಂಟಿಕೊಂಡು ಹೋದರೂ ಸಾಕು, ಗಂಡು ಬೇಡದ ಕೀಟವಾದ್ದರಿಂದ ಅದೊಂದೇ ಒಂದು ವಸಾಹತು ಕಟ್ಟಬಲ್ಲದು. ಡಿಎನ್‌ಎ ಗುರುತುಗಳನ್ನು ಹೋಲಿಸಿ ನೋಡಿದಾಗ ಹೇನುಗಳು ಅದೇ ಮೂಲ ಸಾಲಿನವೇ ಆಗಿದ್ದವು. ಇನ್ನು ತಾಪಮಾನ. ಬಿಸಿ ಹೆಚ್ಚಾದರೆ ಈ ರಕ್ಷಣೆ ಕುಸಿಯುತ್ತದೆ ಎಂಬುದು 2006ರಿಂದ ತಿಳಿದಿದ್ದ ವಿಷಯ, ಆದ್ದರಿಂದ ಬೆಳೆಸುವ ಕೋಣೆಗಳ ದಾಖಲೆಗಳನ್ನು ತೆಗೆದು ನೋಡಿದರು. ಏರುಪೇರು ಇರಲಿಲ್ಲ. ಹ್ಯಾಮಿಲ್ಟನೆಲ್ಲಾವೇ ಕಳೆದುಹೋಗಿರಬಹುದೇ? ಬೇಕಾದ ಡಿಎನ್‌ಎ ತುಣುಕು ಮಾದರಿಯಲ್ಲಿದೆಯೇ ಎಂದು ಹುಡುಕುವ ಪಿಸಿಆರ್ ಪರೀಕ್ಷೆಯನ್ನು ನಿಯಮಿತವಾಗಿ ಮಾಡುತ್ತಲೇ ಬಂದಿದ್ದರು. ಪ್ರತಿ ಬಾರಿಯೂ ಬ್ಯಾಕ್ಟೀರಿಯಾ ಇದೆ ಎಂದೇ ಉತ್ತರ. ಮತ್ತೆ ಮಾಡಿದರು. ಮತ್ತೆ ಅದೇ ಉತ್ತರ.

ಹಾಗಾದರೆ ಪ್ರಮಾಣ ಕಡಿಮೆಯಾಗಿರಬೇಕು ಎಂದು ತಂಡದ ಬಹುಮತದ ಊಹೆ. ಪ್ರಮಾಣ ಅಳೆಯುವ ಪಿಸಿಆರ್ ಮಾಡಿದಾಗ ಊಹೆ ತಲೆಕೆಳಗಾಯಿತು. ರಕ್ಷಣೆ ಕಳೆದುಕೊಂಡ ಹೇನುಗಳಲ್ಲಿ ಹ್ಯಾಮಿಲ್ಟನೆಲ್ಲಾ ಮೊದಲಿಗಿಂತ ಬಹಳ ಹೆಚ್ಚಾಗಿತ್ತು. ಬ್ಯಾಕ್ಟೀರಿಯಾ ಹೆಚ್ಚು, ರಕ್ಷಣೆ ಇಲ್ಲ. ಒಬ್ಬ ಸದಸ್ಯರು ಅಳತೆಯೇ ತಪ್ಪಿರಬೇಕೆಂದು ವಾದಿಸಿದರು. ಎರಡನೆಯ ಬಾರಿಯ ಅಳತೆ ಅದಕ್ಕೂ ಎಡೆಗೊಡಲಿಲ್ಲ.

ಬೀಗ ತೆಗೆದದ್ದು ಯಂತ್ರವಲ್ಲ, ಒಂದು ಟಿಪ್ಪಣಿ. ಹೇನುಗಳನ್ನು ದಿನನಿತ್ಯ ಸಾಕುತ್ತಿದ್ದ ತಂತ್ರಜ್ಞೆ ಪಂಜರಗಳ ಪುಸ್ತಕದ ಅಂಚಿನಲ್ಲಿ ತಿಂಗಳುಗಳಿಂದ ಬರೆಯುತ್ತ ಬಂದಿದ್ದರು: ಇಂತಿಂಥ ಪಂಜರದ ಹೇನುಗಳು ಸಣ್ಣಗಿವೆ, ಬೆಳೆಯಲು ತಡಮಾಡುತ್ತಿವೆ. ಸಭೆಗಳಲ್ಲಿ ಆ ಪುಸ್ತಕವನ್ನು ಯಾರೂ ತೆರೆದಿರಲಿಲ್ಲ, ಏಕೆಂದರೆ ಅದು ಗಿಡಗಳಿಗೆ ನೀರು ಹಾಕಿದ ಲೆಕ್ಕದ ಪುಸ್ತಕ. ಆಕೆ ಹೆಸರಿಸಿದ ಪಂಜರಗಳೂ ಮಮ್ಮಿಗಳು ಹೆಚ್ಚಿದ ಪಂಜರಗಳೂ ಒಂದೇ ಎಂದು ಗೊತ್ತಾದಾಗ ಮೂರು ಲಕ್ಷಣಗಳು ಒಟ್ಟಿಗೆ ಬಂದು ನಿಂತವು: ಬ್ಯಾಕ್ಟೀರಿಯಾದ ಮಿತಿಮೀರಿದ ಬೆಳವಣಿಗೆ, ಸೊರಗಿದ ಹೇನು, ಇಲ್ಲವಾದ ರಕ್ಷಣೆ. ಫೇಜ್ ಕಳೆದುಹೋದಾಗ ಹ್ಯಾಮಿಲ್ಟನೆಲ್ಲಾ ಅಂಕೆಯಿಲ್ಲದೆ ಹೆಚ್ಚುತ್ತದೆ, ಹೇನಿನ ತೂಕ ಇಳಿಯುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ ಎಂದು 2013ರಲ್ಲೇ ವರದಿಯಾಗಿತ್ತು. ಅದು ಈ ಪಂಜರಗಳ ವರ್ಣನೆಯೇ ಆಗಿತ್ತು.

ಫೇಜಿನ ಜೀನನ್ನು ಹುಡುಕುವ ಪಿಸಿಆರ್‌ಗೆ ಅರ್ಧ ದಿನ ಹಿಡಿಯಿತು. ಸೊರಗಿದ ಪಂಜರಗಳ ಹೇನುಗಳಲ್ಲಿ ಫೇಜ್ ಇರಲಿಲ್ಲ. ಕಾವಲುಗಾರ ಬಾಗಿಲಲ್ಲೇ ಕುಳಿತಿದ್ದ, ಆಯುಧ ಕೈಯಲ್ಲಿರಲಿಲ್ಲ. ತಂಡ ಪ್ರತಿ ಬಾರಿಯೂ ಕಾವಲುಗಾರನ ಹಾಜರಿಯನ್ನಷ್ಟೇ ಕರೆದು ಸಮಾಧಾನಪಟ್ಟಿತ್ತು.

ಇಷ್ಟಕ್ಕೇ ನಿಲ್ಲಿಸದೆ, ಕಣಜ ಮೊಟ್ಟೆಯಿಟ್ಟ ಹೇನುಗಳನ್ನು ಕೆಲವು ದಿನಗಳ ನಂತರ ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಿದರು. ಇದು ಅಗತ್ಯವೇ ಆಗಿತ್ತು. ರಕ್ಷಿತ ಹೇನನ್ನು ಈ ಕಣಜ ಗುರುತಿಸಬಲ್ಲದು, ಅದರಲ್ಲಿ ಒಂದರ ಬದಲು ಎರಡು ಮೊಟ್ಟೆ ಇಡುವುದುಂಟು. ಹಾಗಾಗಿ ಮಮ್ಮಿಗಳ ಹೆಚ್ಚಳಕ್ಕೆ ಕಣಜದ ವರ್ತನೆಯೂ ಕಾರಣವಿರಬಹುದಿತ್ತು. ಸೀಳಿದಾಗ ಕಂಡದ್ದು ಸ್ಪಷ್ಟವಾಗಿತ್ತು: ಫೇಜ್ ಇದ್ದ ಹೇನಿನಲ್ಲಿ ಭ್ರೂಣ ಎಳವೆಯಲ್ಲೇ ಸತ್ತಿತ್ತು, ಇಲ್ಲದ ಹೇನಿನಲ್ಲಿ ಒಂಟಿ ಮರಿ ಕೊಬ್ಬಿ ಬೆಳೆದಿತ್ತು.

ಹರಡಿದ್ದು ಹೇಗೆ

ಒಂದು ತೊಡಕು ಉಳಿದಿತ್ತು. ಫೇಜ್ ಕಳೆದುಕೊಂಡ ಹೇನು ಸೊರಗುತ್ತದೆ ಎಂದಾದರೆ ಆರೋಗ್ಯವಂತ ಹೇನುಗಳ ನಡುವೆ ಅದು ಸೋತು ಅಳಿಯಬೇಕಲ್ಲ? ಇಡೀ ಪಂಜರವನ್ನು ಆಕ್ರಮಿಸಿದ್ದು ಹೇಗೆ?

ಉತ್ತರ ಸಾಕುವ ಕ್ರಮದಲ್ಲೇ ಇತ್ತು. ಗಿಡ ಹಳತಾದಾಗ ಹೊಸ ಗಿಡಕ್ಕೆ ಬೆರಳೆಣಿಕೆಯ ಹೇನುಗಳನ್ನು ವರ್ಗಾಯಿಸಿ ಉಳಿದವನ್ನು ತೆಗೆದುಹಾಕುತ್ತಿದ್ದರು. ಹೀಗೆ ಪದೇ ಪದೇ ಕೆಲವನ್ನೇ ಆರಿಸಿದಾಗ ಯಾವುದು ಉಳಿಯುತ್ತದೆ ಎಂಬುದನ್ನು ಬಲಕ್ಕಿಂತ ಅದೃಷ್ಟವೇ ನಿರ್ಧರಿಸುತ್ತದೆ. ಆರಿಸಿದವೆಲ್ಲ ಫೇಜ್ ಕಳೆದುಕೊಂಡವೇ ಆದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು, ಹಿಂದಿರುಗುವ ದಾರಿಯಿಲ್ಲ. ಇನ್ನೂ ಆಳದ ಕಾರಣವೊಂದಿದೆ. ಸಾಕುವ ಪಂಜರಗಳಲ್ಲಿ ಕಣಜವೇ ಇರಲಿಲ್ಲ. ಹೊಲದಲ್ಲಿ ಫೇಜ್ ಕಳೆದುಕೊಂಡ ಹೇನನ್ನು ಕಣಜ ಹುಡುಕಿ ಮುಗಿಸುತ್ತದೆ. ಸುರಕ್ಷಿತ ಪಂಜರದಲ್ಲಿ ಆ ಶೋಧನೆ ನಡೆಯುವುದಿಲ್ಲ. ಸಂಬಂಧವನ್ನು ಅಧ್ಯಯನಕ್ಕಾಗಿ ಕಾಪಾಡಹೊರಟವರು, ಆ ಸಂಬಂಧಕ್ಕೆ ಅರ್ಥ ಕೊಡುವ ಶತ್ರುವನ್ನು ಹೊರಗಿಟ್ಟಿದ್ದರು.

ನಿಯಮಿತ ತಪಾಸಣೆಯ ಇನ್ನೊಂದು ಪದ್ಧತಿಯೂ ಸಮಸ್ಯೆಯನ್ನು ಹೆಚ್ಚಿಸಬಹುದಿತ್ತು. ಖರ್ಚು ಉಳಿಸಲು ಹಲವು ಹೇನುಗಳನ್ನು ಒಟ್ಟಿಗೆ ಅರೆದು ಒಂದೇ ಮಾದರಿ ಮಾಡುತ್ತಿದ್ದರು. ಇಂಥ ಮಿಶ್ರಣದಲ್ಲಿ ಫೇಜ್‌ಗಾಗಿ ಹುಡುಕಿದ್ದರೂ, ಒಂದೆರಡು ಆರೋಗ್ಯವಂತ ಹೇನುಗಳಿದ್ದರೆ ಸಾಕು, ‘ಇದೆ’ ಎಂಬ ಉತ್ತರವೇ ಬರುತ್ತಿತ್ತು.

ಮುಂದೇನು ಮಾಡುವುದು

ಎರಡನೆಯ ತಿರುವು ಇಲ್ಲಿದೆ. ತಂಡದ ಮುಂದೆ ಸುಲಭದ ದಾರಿಯೊಂದಿತ್ತು: ಎಲ್ಲ ಹೇನುಗಳನ್ನೂ ಎಸೆದು, ಬೇರೆಡೆಯಿಂದ ಹೊಸ ತಳಿ ತರಿಸಿ ಮೊದಲಿನಿಂದ ಆರಂಭಿಸುವುದು. ಅವರು ಹಾಗೆ ಮಾಡಲಿಲ್ಲ. ಪ್ರತಿ ಪಂಜರದಿಂದಲೂ ತಾಯಿ ಹೇನುಗಳನ್ನು ಬೇರ್ಪಡಿಸಿ, ಮರಿ ಹಾಕಿದ ಮೇಲೆ ಒಂದೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರು. ಫೇಜ್ ಉಳಿದಿದ್ದ ಪಂಜರಗಳು ಸಿಕ್ಕವು, ಪೂರ್ತಿ ಕಳೆದುಹೋದವೂ ಸಿಕ್ಕವು, ಎರಡೂ ಬೆರೆತಿದ್ದವೂ ಸಿಕ್ಕವು. ಅಂದರೆ ಒಂದೇ ಹೇನು, ಒಂದೇ ಹ್ಯಾಮಿಲ್ಟನೆಲ್ಲಾ, ವ್ಯತ್ಯಾಸ ಫೇಜಿನದೊಂದೇ ಎನ್ನಬಹುದಾದ ಜೋಡಿ ಸಾಲುಗಳು ಅವರ ಕೈಗೆ ತಾನಾಗಿ ಬಂದಿದ್ದವು. ಬೇಕೆಂದು ತಯಾರಿಸಲು ಹೊರಟಿದ್ದರೆ ಸುಲಭವಾಗಿ ಆಗುವಂಥದ್ದಲ್ಲ.

‘ಎನ್ನಬಹುದಾದ’ ಎಂದೆ. ಬೇರೆ ಬೇರೆ ಪಂಜರಗಳಲ್ಲಿ ಬೆಳೆದ ಸಾಲುಗಳಲ್ಲಿ ಬೇರೆ ಬದಲಾವಣೆಗಳೂ ಸೇರಿರಬಹುದು. ಹಾಗಾಗಿ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹ್ಯಾಮಿಲ್ಟನೆಲ್ಲಾ ಇಲ್ಲದ ಹೇನುಗಳಿಗೆ ತೆಳುವಾದ ಗಾಜಿನ ಸೂಜಿಯಿಂದ ಇತರ ಹೇನುಗಳ ದೇಹದ್ರವ ಚುಚ್ಚಿ ಬ್ಯಾಕ್ಟೀರಿಯಾವನ್ನು ವರ್ಗಾಯಿಸಿದರು, ಕೆಲವಕ್ಕೆ ಫೇಜ್ ಸಹಿತವಾದದ್ದು, ಕೆಲವಕ್ಕೆ ಫೇಜ್ ರಹಿತವಾದದ್ದು. ಚುಚ್ಚಿಸಿಕೊಂಡ ಹೇನುಗಳಲ್ಲಿ ಬಹಳಷ್ಟು ಸಾಯುತ್ತವೆ, ಬದುಕಿದವುಗಳಲ್ಲೂ ಎಲ್ಲವೂ ಬ್ಯಾಕ್ಟೀರಿಯಾವನ್ನು ಮರಿಗಳಿಗೆ ದಾಟಿಸುವುದಿಲ್ಲ. ಸೋಂಕು ನೆಲೆಯಾಗಲು ಹಲವು ತಲೆಮಾರು ಕಾದು, ಆಮೇಲೆ ಕಣಜಗಳನ್ನು ಬಿಟ್ಟರು. ಫೇಜ್ ಪಡೆದವು ಕಣಜವನ್ನು ಎದುರಿಸಿದವು, ಪಡೆಯದವು ಮಮ್ಮಿಗಳಾದವು.

ಹಳೆಯ ದತ್ತಾಂಶದ ಬಗ್ಗೆ ಬಿಸಿಯಾದ ಚರ್ಚೆ ನಡೆಯಿತು. ಎರಡನೆಯ ವರ್ಷದ್ದೆಲ್ಲವನ್ನೂ ಕೈಬಿಡಬೇಕೆಂದು ಒಂದು ಪಕ್ಷ. ಪ್ರತಿ ಹಂತದಲ್ಲೂ ಬ್ಯಾಕ್ಟೀರಿಯಾ ಇರುವುದು ದೃಢಪಟ್ಟಿರುವುದರಿಂದ ಅದನ್ನು ಉಳಿಸಿಕೊಂಡು, ವಿವರಣೆ ಮಾತ್ರ ಬದಲಿಸಬಹುದು ಎಂದು ಇನ್ನೊಂದು ಪಕ್ಷ. ವಾದವನ್ನು ಬಗೆಹರಿಸಿದ್ದು ಫ್ರೀಜರ್. ವಿದ್ಯಾರ್ಥಿ ಆರಂಭದಿಂದಲೂ ಪ್ರತಿ ಪಂಜರದ ಕೆಲವು ಹೇನುಗಳನ್ನು ದಿನಾಂಕ ಬರೆದು ಎಥನಾಲ್‌ನಲ್ಲಿ ಇಟ್ಟಿದ್ದ. ಅವನ್ನು ಒಂದೊಂದಾಗಿ ಪರೀಕ್ಷಿಸಿ, ಯಾವ ಪಂಜರದಲ್ಲಿ ಫೇಜ್ ಯಾವಾಗ ಮರೆಯಾಯಿತೆಂದು ಗುರುತಿಸಲಾಯಿತು. ಅದಕ್ಕೆ ಹಿಂದಿನ ಎಣಿಕೆಗಳು ಉಳಿದವು, ನಂತರದವು ಕಣಜದ ವಿಕಾಸದ ವಿಶ್ಲೇಷಣೆಯಿಂದ ಹೊರಬಿದ್ದವು. ಹೊರಬಿದ್ದವನ್ನೂ ಮುಚ್ಚಿಡದೆ ಲೇಖನದಲ್ಲಿ ಕಾರಣ ಸಹಿತ ಪ್ರಕಟಿಸಲು ನಿರ್ಧರಿಸಿದರು.

ಎಲ್ಲಕ್ಕಿಂತ ಮುಜುಗರದ ಕೆಲಸ ಬೇರೆಯಿತ್ತು. ಇದೇ ಹೇನಿನ ಸಾಲನ್ನು ತಂಡ ಬೇರೆ ಪ್ರಯೋಗಾಲಯಗಳಿಗೂ ಕಳುಹಿಸಿತ್ತು, ‘ರಕ್ಷಿತ ಸಾಲು’ ಎಂಬ ಚೀಟಿಯೊಂದಿಗೆ. ಯಾವ ಪಂಜರದಿಂದ, ಯಾವಾಗ ಕಳುಹಿಸಿದ್ದೆಂಬ ವಿವರದೊಡನೆ ಎಲ್ಲರಿಗೂ ಪತ್ರ ಹೋಯಿತು. ಇನ್ನೂ ಪೂರ್ತಿ ಖಚಿತವಾಗಿಲ್ಲ, ಕಾಯೋಣ ಎಂಬ ಸಲಹೆ ತಂಡದೊಳಗಿಂದಲೇ ಬಂದಿತ್ತು. ಹಿರಿಯ ಸಂಶೋಧಕಿ ಮೊದಲ ಫೇಜ್ ಪರೀಕ್ಷೆಯ ಫಲಿತಾಂಶ ಬಂದ ವಾರವೇ ಬರೆದರು. ಅದು ಸರಿಯಾದ ತೀರ್ಮಾನ ಎಂದು ನನ್ನ ದೃಢವಾದ ಅಭಿಪ್ರಾಯ. ತಡಮಾಡಿದ ಪ್ರತಿ ತಿಂಗಳೂ ಇನ್ನೊಂದು ಕಡೆ ಇನ್ನೊಬ್ಬ ವಿದ್ಯಾರ್ಥಿ ಅದೇ ಏರುವ ಗೆರೆಯನ್ನು ನೋಡಿ ಹಿಗ್ಗುತ್ತಿರಬಹುದಿತ್ತು.

ಇತರರಿಗೆ

ಈ ತಂಡದ ಬಳಿ ಜ್ಞಾನ ಇತ್ತು, ಅದು ದಿನಚರಿಗೆ ಇಳಿದಿರಲಿಲ್ಲ. ಫೇಜ್ ಕಳೆದುಹೋಗಬಲ್ಲದು ಎಂದು ಗೊತ್ತಿದ್ದವರೇ, ಸಾಲನ್ನು ಸ್ಥಾಪಿಸಿದ ದಿನ ಫೇಜ್ ಇದೆಯೆಂದು ನೋಡಿ ಮತ್ತೆ ನೋಡಲಿಲ್ಲ. ಬ್ಯಾಕ್ಟೀರಿಯಾದ ಪರೀಕ್ಷೆ ಪಟ್ಟಿಯಲ್ಲಿತ್ತು, ಫೇಜಿನದು ಇರಲಿಲ್ಲ. ಪಟ್ಟಿಯಲ್ಲಿರುವುದನ್ನಷ್ಟೇ ಕೈ ಮಾಡುತ್ತದೆ. ಸಹಜೀವನದ ಮೇಲೆ ಕೆಲಸ ಮಾಡುವವರು ಸಹಜೀವಿಯ ಇರುವಿಕೆಯನ್ನೂ ಅದರ ಕಾರ್ಯವನ್ನೂ ಬೇರೆ ಬೇರೆಯಾಗಿ, ಮತ್ತೆ ಮತ್ತೆ ಪರೀಕ್ಷಿಸಬೇಕು. ಈಗ ಈ ತಂಡ ಹೇನುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುತ್ತದೆ, ಮತ್ತು ಪ್ರತಿ ಸಾಲಿನ ಕೆಲವು ಹೇನುಗಳನ್ನು ನಿಗದಿತ ಅವಧಿಗೊಮ್ಮೆ ನಿಜವಾದ ಕಣಜದ ಎದುರು ಇಡುತ್ತದೆ. ತಂತ್ರಜ್ಞೆಯ ಪುಸ್ತಕ ಪ್ರತಿ ಸಭೆಯಲ್ಲಿ ಮೊದಲು ತೆರೆಯುವ ಪುಸ್ತಕವಾಗಿದೆ.

ಇದು ಸಸ್ಯಹೇನುಗಳಿಗೆ ಸೀಮಿತವಾದ ಮಾತಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗಳಿಗೆ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿಸಿ ಬಿಡುಗಡೆ ಮಾಡುವ ಕಾರ್ಯಕ್ರಮಗಳು ಹಲವು ದೇಶಗಳಲ್ಲಿ ನಡೆದಿವೆ. ಅಲ್ಲಿಯೂ ಸೊಳ್ಳೆಯಲ್ಲಿ ವೊಲ್ಬಾಕಿಯಾ ಇದೆಯೇ ಎಂಬುದು ಮೊದಲ ಪ್ರಶ್ನೆ ಮಾತ್ರ. ಅದರ ಕೆಲವು ತಳಿಗಳ ಪ್ರಮಾಣ ಬಿಸಿಲಿನ ತಾಪಕ್ಕೆ ಕುಗ್ಗುತ್ತದೆ, ಆದ್ದರಿಂದ ವೈರಸ್ಸನ್ನು ತಡೆಯುವ ಶಕ್ತಿ ಇನ್ನೂ ಉಳಿದಿದೆಯೇ ಎಂಬುದನ್ನು ಬೇರೆಯಾಗಿಯೇ ಅಳೆಯಬೇಕಾಗುತ್ತದೆ. ಅಲ್ಲಿ ಪಣಕ್ಕಿರುವುದು ಪ್ರಬಂಧದ ಅಧ್ಯಾಯವಲ್ಲ, ಜನರ ಆರೋಗ್ಯ.

ಕಣಜ ಗೆಲ್ಲಲು ಕಲಿಯುತ್ತದೆಯೇ ಎಂಬ ಮೂಲ ಪ್ರಶ್ನೆಯನ್ನು ತಂಡ ಈಗ ಹೊಸದಾಗಿ ಕೈಗೆತ್ತಿಕೊಂಡಿದೆ. ಈ ಬಾರಿ ಪ್ರತಿ ತಲೆಮಾರಿನಲ್ಲೂ ಕಣಜಗಳಿಗೆ ಕೊಡುವ ಹೇನುಗಳು ಫೇಜ್ ಇರುವುದು ದೃಢಪಟ್ಟ ತಾಯಂದಿರ ಮರಿಗಳೇ ಆಗಿರುತ್ತವೆ. ಕೆಲಸ ಮೊದಲಿಗಿಂತ ನಿಧಾನ, ಪಂಜರಗಳ ಸಂಖ್ಯೆಯನ್ನೂ ಇಳಿಸಬೇಕಾಗಿದೆ. ಫೇಜ್ ಕಳೆದುಕೊಂಡ ಸಾಲನ್ನು ಬೇರೆ ಹೆಸರಿಟ್ಟು ಬೇರೆ ಕೋಣೆಯಲ್ಲಿ ಸಾಕುತ್ತಿದ್ದಾರೆ; ಅಂಕೆ ತಪ್ಪಿ ಬೆಳೆಯುವ ಹ್ಯಾಮಿಲ್ಟನೆಲ್ಲಾ ತನ್ನ ಹೇನಿಗೆ ಯಾವ ಬಗೆಯಲ್ಲಿ ಹಾನಿ ಮಾಡುತ್ತದೆ ಎಂಬುದು ಈಗ ಆ ವಿದ್ಯಾರ್ಥಿಯ ಪ್ರಬಂಧದ ವಿಷಯ.